ಒಂದೇ ತರಗತಿ, ಬೇರೆ ಬೇರೆ ಮಟ್ಟದ ಮಕ್ಕಳು: ಪಾಠ ಹೊಂದಿಸುವ ಕೆಲಸ ಯಾವ ಕ್ರಮದಲ್ಲಿ ಆಗಬೇಕು

“ಮೂರು ಮಟ್ಟಕ್ಕೆ ಮೂರು ವರ್ಕ್‌ಶೀಟ್ ಮಾಡಿದೆ. ಎರಡು ವಾರ ನಡೆಯಿತು. ಆಮೇಲೆ ಕೈಲಾಗದೆ ಬಿಟ್ಟುಬಿಟ್ಟೆ.” ಹೆಚ್ಚುಕಡಿಮೆ ಇದೇ ಮಾತನ್ನು ಎಷ್ಟೋ ಶಿಕ್ಷಕರ ಬಾಯಲ್ಲಿ ಕೇಳಿದ್ದೇನೆ. ಅವರಲ್ಲಿ ಯಾರಿಗೂ ಮಕ್ಕಳ ಮೇಲೆ ಕಾಳಜಿ ಕಡಿಮೆ ಇರಲಿಲ್ಲ. ಎಲ್ಲರೂ ಎಡವಿದ್ದು ಕೆಲಸದ ಕ್ರಮದಲ್ಲಿ. ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ನೋಡುವ ಮೊದಲೇ ಹಾಳೆ ತಯಾರಾಗಿತ್ತು. ಹಾಳೆಗೆ ತಕ್ಕಂತೆ ಗುಂಪು ಆಯಿತು, ಗುಂಪಿಗೆ ತಕ್ಕಂತೆ ಮಕ್ಕಳಿಗೆ ಹೆಸರು ಬಿತ್ತು: ಜಾಣರು, ಸಾಧಾರಣ, ದಡ್ಡರು.

ಇಲ್ಲಿ ಹೇಳುವುದು ಇದಕ್ಕೆ ತದ್ವಿರುದ್ಧವಾದ ಕ್ರಮ. ಗುರಿ ಎಲ್ಲರಿಗೂ ಒಂದೇ. ಅಲ್ಲಿಗೆ ತಲುಪಲು ಕೊಡುವ ನೆರವು, ಸಮಯ, ಸಾಮಗ್ರಿ ಮಾತ್ರ ಬೇರೆ. ಗುರಿಯನ್ನೇ ಇಳಿಸಿಬಿಟ್ಟರೆ ಮಗು ಇವತ್ತು ನೆಮ್ಮದಿಯಾಗಿರುತ್ತದೆ, ಮುಂದಿನ ವರ್ಷ ಇನ್ನೂ ಹಿಂದೆ ಬೀಳುತ್ತದೆ.

ಮಾತು ಗಾಳಿಯಲ್ಲಿ ತೇಲಬಾರದೆಂದು ಉದ್ದಕ್ಕೂ ಒಂದೇ ಪಾಠವನ್ನು ಹಿಡಿದಿದ್ದೇನೆ: ಛೇದ ಬೇರೆ ಬೇರೆ ಇರುವ ಭಿನ್ನರಾಶಿಗಳನ್ನು ಕೂಡುವುದು. ನೀವು ಭಾಷೆಯನ್ನೋ ವಿಜ್ಞಾನವನ್ನೋ ಕಲಿಸುವವರಾದರೂ ಹಂತಗಳು ಇವೇ.

## ಶುರುಮಾಡುವ ಮೊದಲು ಬೇಕಾದವು

ಅಂಗೈಯಗಲದ ಕಾಗದದ ಚೀಟಿಗಳು, ಮಗುವಿಗೆ ಎರಡರಂತೆ. ಹಾಜರಿ ಕ್ರಮದಲ್ಲಿ ಮಕ್ಕಳ ಹೆಸರು ಬರೆದ ಒಂದು ನೋಟ್‌ಬುಕ್. ಎಲ್ಲರಿಗೂ ಕಾಣುವ ಗಡಿಯಾರ. ಬೋರ್ಡಿನ ಬಲಮೂಲೆಯಲ್ಲಿ ಯಾರೂ ಅಳಿಸದ ಒಂದು ಚೌಕ. ಜೊತೆಗೆ ಪಾಠಕ್ಕೆ ಬೇಕಾದ ಸಾಮಗ್ರಿ. ನಮ್ಮ ಉದಾಹರಣೆಗೆ 12 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿಗಳು ಸಾಕು. 12 ಯಾಕೆಂದರೆ ಅದರ ಅರ್ಧ 6, ಮೂರನೇ ಒಂದು ಭಾಗ 4, ಕಾಲು ಭಾಗ 3, ಆರನೇ ಒಂದು ಭಾಗ 2 ಸೆಂಟಿಮೀಟರ್. ಎಲ್ಲವೂ ಪೂರ್ಣ ಸಂಖ್ಯೆಗಳಾದ್ದರಿಂದ ಮಗು ಸ್ಕೇಲಿನಲ್ಲಿ ಅಳೆದೇ ನೋಡಬಹುದು.

ಇನ್ನೊಂದು ಮಾತು. ಮೊದಲ ತಿಂಗಳು ಒಂದು ವಿಷಯ, ಒಂದು ತರಗತಿ, ವಾರಕ್ಕೆ ಒಂದು ಪೀರಿಯಡ್ ಮಾತ್ರ ಹೀಗೆ ನಡೆಸಿ. ಎಲ್ಲ ಪೀರಿಯಡ್‌ಗಳನ್ನೂ ಒಟ್ಟಿಗೆ ಬದಲಿಸಲು ಹೊರಟವರು ಮೂರನೇ ವಾರಕ್ಕೆ ಸುಸ್ತಾಗಿ ಹಳೆಯ ದಾರಿಗೇ ಮರಳುವುದನ್ನು ತುಂಬ ನೋಡಿದ್ದೇನೆ.

## ಹಂತ 1: ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

“ಮಕ್ಕಳು ಭಿನ್ನರಾಶಿಗಳನ್ನು ಅರ್ಥಮಾಡಿಕೊಳ್ಳುತ್ತಾರೆ” ಎಂದು ಬರೆದರೆ ಸಾಲದು. ಅರ್ಥವಾಯಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಪೀರಿಯಡ್ ಮುಗಿಯುವಾಗ ಮಗು ಏನು ಮಾಡಿ ತೋರಿಸಬೇಕು ಎಂದು ಬರೆಯಿರಿ: “ಛೇದ ಬೇರೆಯಾಗಿರುವ ಎರಡು ಭಿನ್ನರಾಶಿಗಳನ್ನು ಕೂಡಿ, ಉತ್ತರ ಯಾಕೆ ಸರಿ ಎಂದು ಚಿತ್ರದಿಂದಲೋ ಮಾತಿನಿಂದಲೋ ಹೇಳಬೇಕು.”

ಬರೆದ ಮೇಲೆ ಅದರಲ್ಲಿ ಬಿಡಲೇಬಾರದ್ದು ಯಾವುದು ಎಂದು ಗೆರೆ ಎಳೆಯಿರಿ. ಇಲ್ಲಿ ಬಿಡಬಾರದ್ದು ಎರಡು: ಭಾಗಗಳ ಅಳತೆಯನ್ನು ಒಂದೇ ಮಾಡಿಕೊಳ್ಳದೆ ಕೂಡಲಾಗದು ಎಂಬ ತಿಳಿವಳಿಕೆ, ಮತ್ತು ಕೂಡುವ ಕ್ರಮ. ಅಂದವಾದ ಅಕ್ಷರ, ವೇಗ, 20 ಲೆಕ್ಕ ಮುಗಿಸುವುದು, ಲ.ಸಾ.ಅ.ವನ್ನು (ಲಘುತಮ ಸಾಮಾನ್ಯ ಅಪವರ್ತ್ಯ) ಬಾಯಲ್ಲೇ ಹೇಳುವುದು, ಇವೆಲ್ಲ ಇದ್ದರೆ ಒಳ್ಳೆಯದು. ನಿಧಾನವಾಗಿ ಬರೆಯುವ ಮಗುವಿಗೆ ಇವುಗಳಲ್ಲಿ ರಿಯಾಯಿತಿ ಕೊಡಬಹುದು. ಗೆರೆ ಎಳೆದದ್ದರಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಬೇಡ.

## ಹಂತ 2: ಮುಂಚಿನ ದಿನವೇ ಮೂರು ಪ್ರಶ್ನೆ ಕೇಳಿ

ಈ ಹಂತವನ್ನು ಬಿಟ್ಟವರಿಗೆ ಮುಂದಿನದು ಯಾವುದೂ ಕೂಡಿಬರುವುದಿಲ್ಲ. ಪಾಠದ ಹಿಂದಿನ ದಿನ, ಪೀರಿಯಡ್‌ನ ಕೊನೆಯ 5 ನಿಮಿಷದಲ್ಲಿ ಚೀಟಿ ಹಂಚಿ ಮೂರೇ ಪ್ರಶ್ನೆ ಕೊಡಿ. ಮೊದಲನೆಯದು ಈ ಪಾಠದ ಬುಡದಲ್ಲಿರುವ ವಿಷಯದ್ದು, ಎರಡನೆಯದು ಪಾಠಕ್ಕೆ ನೇರ ಮೆಟ್ಟಿಲಾಗಿರುವುದು, ಮೂರನೆಯದು ನಾಳೆ ಕಲಿಸಬೇಕಾದದ್ದೇ.

ನಮ್ಮ ಪಾಠಕ್ಕೆ ಹೀಗೆ:

ಒಂದು, 1/3 ಮತ್ತು 1/4, ಇವುಗಳಲ್ಲಿ ಯಾವುದು ದೊಡ್ಡದು? ಚಿತ್ರ ಬರೆದು ತೋರಿಸಿ.
ಎರಡು, 2/3 ಎಂದರೆ ಆರನೇ ಭಾಗಗಳಲ್ಲಿ ಎಷ್ಟು?
ಮೂರು, 1/2 + 1/3 = ?

“ಇದಕ್ಕೆ ಮಾರ್ಕ್ಸ್ ಇಲ್ಲ, ನಾಳೆ ಪಾಠ ಎಲ್ಲಿಂದ ಶುರುಮಾಡಲಿ ಎಂದು ನನಗೆ ಗೊತ್ತಾಗಬೇಕು, ಅಷ್ಟೆ” ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಪಕ್ಕದವರ ಚೀಟಿ ನೋಡಿ ಬರೆದ ಉತ್ತರಗಳು ಬರುತ್ತವೆ, ಅವು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಬರೆಯಲು ತೊಡಕಿರುವ ಮಕ್ಕಳ ಪಕ್ಕ ಹೋಗಿ ಮೆಲ್ಲಗೆ ಕೇಳಿ, ಅವರ ಉತ್ತರವನ್ನು ನೀವೇ ಗುರುತುಹಾಕಿಕೊಳ್ಳಿ.

ಪ್ರಶ್ನೆ ಹೆಚ್ಚಿಸುವ ಆಸೆಗೆ ಬೀಳಬೇಡಿ. ಹತ್ತು ಪ್ರಶ್ನೆಯ ಚೀಟಿಯನ್ನು ಆ ಸಂಜೆ ಯಾರೂ ಓದಿ ಮುಗಿಸುವುದಿಲ್ಲ. ಓದದ ಚೀಟಿ ಮಕ್ಕಳಿಗೆ ಮಾಡಿದ ಮೋಸ. ಮುಂದಿನ ಸಲ ಅವರೂ ಮನಸ್ಸಿಟ್ಟು ಬರೆಯುವುದಿಲ್ಲ.

## ಹಂತ 3: ಚೀಟಿಗಳನ್ನು ತಪ್ಪಿನ ಬಗೆ ನೋಡಿ ವಿಂಗಡಿಸಿ

ಮೂರಕ್ಕೆ ಎಷ್ಟು ಸರಿ ಎಂದು ಎಣಿಸಬೇಡಿ. ಇಬ್ಬರು ಮಕ್ಕಳಿಗೂ ಮೂರಕ್ಕೆ ಒಂದೇ ಬಂದಿರಬಹುದು; ಆದರೆ ಒಬ್ಬಳಿಗೆ ಭಾಗದ ಗಾತ್ರವೇ ತಿಳಿದಿಲ್ಲ, ಇನ್ನೊಬ್ಬನಿಗೆ ಗುಣಾಕಾರದಲ್ಲಿ ಕೈತಪ್ಪಿದೆ. ಅಂಕ ನೋಡಿದರೆ ಇಬ್ಬರೂ ಒಂದೇ ಗುಂಪು. ಬೇಕಾದ ನೆರವು ಮಾತ್ರ ಪೂರ್ತಿ ಬೇರೆ.

ಮೇಜಿನ ಮೇಲೆ ಚೀಟಿಗಳನ್ನು ಹರಡಿ ನಾಲ್ಕು ಗುಡ್ಡೆ ಮಾಡಿ.

ಮೊದಲ ಗುಡ್ಡೆಯಲ್ಲಿ, “ಮೂರಕ್ಕಿಂತ ನಾಲ್ಕು ದೊಡ್ಡದು, ಅದಕ್ಕೇ 1/4 ದೊಡ್ಡದು” ಎಂದವರು. ಇವರಿಗೆ ಛೇದ ಎಂದರೆ ಬರೀ ಒಂದು ಸಂಖ್ಯೆ. ಇಡೀ ವಸ್ತುವನ್ನು ಎಷ್ಟು ಸಮಪಾಲು ಮಾಡಿದ್ದಾರೆ ಎಂಬುದು ಮನಸ್ಸಿಗೆ ಇಳಿದಿಲ್ಲ. ಇವರು ಬರೆದ ಚಿತ್ರಗಳನ್ನೂ ನೋಡಿ. ಎರಡು ಬೇರೆ ಬೇರೆ ಅಳತೆಯ ಚೌಕಗಳನ್ನು ಬರೆದು ಹೋಲಿಸಿರುತ್ತಾರೆ. ತಪ್ಪಿನ ಬೇರು ಅಲ್ಲೇ ಕಾಣುತ್ತದೆ.

ಎರಡನೆಯದರಲ್ಲಿ, ಗಾತ್ರ ಗೊತ್ತಿದ್ದೂ 2/3 ಅನ್ನು 4/6 ಮಾಡಲಾಗದವರು. ಸಮಾನ ಭಿನ್ನರಾಶಿ ಇವರ ತೊಡಕು.

ಮೂರನೆಯದರಲ್ಲಿ, ಮೊದಲ ಎರಡನ್ನೂ ಸರಿಮಾಡಿ ಮೂರನೆಯದಕ್ಕೆ 2/5 ಎಂದು ಬರೆದವರು ಅಥವಾ ಖಾಲಿ ಬಿಟ್ಟವರು. ನಾಳೆಯ ಪಾಠ ನೇರವಾಗಿ ಇವರದ್ದೇ.

ನಾಲ್ಕನೆಯದರಲ್ಲಿ ಮೂರೂ ಸರಿ ಇರುವವರು.

ಈ 2/5ರ ಬಗ್ಗೆ ಸ್ವಲ್ಪ ನಿಲ್ಲಬೇಕು. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿದ ಮಗುವಿಗೆ “ಹಾಗೆ ಮಾಡಬಾರದು” ಎಂದರೆ ಅದು ಇನ್ನೊಂದು ನಿಯಮವನ್ನು ಬಾಯಿಪಾಠ ಮಾಡುತ್ತದೆ, ಅಷ್ಟೆ. ಒಮ್ಮೆ ಒಬ್ಬ ಹುಡುಗಿಯ ಮುಂದೆ 12 ಸೆಂಟಿಮೀಟರ್ ಪಟ್ಟಿ ಇಟ್ಟು, ಅರ್ಧ ಎಲ್ಲಿದೆ ತೋರಿಸು ಎಂದೆ. 6ರ ಹತ್ತಿರ ಬೆರಳಿಟ್ಟಳು. 2/5 ಎಲ್ಲಿ ಬರಬಹುದು ಎಂದೆ. ಅಳೆದು, 5ಕ್ಕಿಂತ ಸ್ವಲ್ಪ ಹಿಂದೆ ಇನ್ನೊಂದು ಬೆರಳಿಟ್ಟಳು. ಎರಡು ಬೆರಳನ್ನೂ ಹಾಗೇ ಒತ್ತಿ ಹಿಡಿದು ಸುಮ್ಮನೆ ನೋಡುತ್ತಾ ಕುಳಿತಳು. ಆಮೇಲೆ, “ಟೀಚರ್, ಅರ್ಧಕ್ಕೆ ಇನ್ನೂ ಸೇರಿಸಿದೀನಿ, ಅರ್ಧಕ್ಕಿಂತ ಕಡಿಮೆ ಹೇಗಾಯ್ತು?” ಎಂದಳು. ಆ ಪ್ರಶ್ನೆ ಅವಳದಾಗಿತ್ತು. ಮುಂದೆ ನಾನು ಹೇಳಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ.

40 ಚೀಟಿಗಳಿದ್ದರೂ ವಿಂಗಡಣೆ ಕಾಲು ಗಂಟೆಯ ಕೆಲಸ. ನೋಟ್‌ಬುಕ್‌ನಲ್ಲಿ ಹೆಸರಿನ ಮುಂದೆ ಗುಡ್ಡೆಯ ಸಂಖ್ಯೆ ಬರೆಯಬೇಡಿ. ಒಂದೆರಡು ಪದದಲ್ಲಿ ತೊಡಕನ್ನೇ ಬರೆಯಿರಿ: “ಗಾತ್ರ”, “ಸಮಾನ ಭಿ.”, “ಛೇದ ಕೂಡಿದ”. ಮುಂದಿನ ವಾರ ಆ ಪುಟ ತೆರೆದಾಗ ಸಂಖ್ಯೆ ಏನನ್ನೂ ಹೇಳುವುದಿಲ್ಲ, ಈ ಪದಗಳು ಹೇಳುತ್ತವೆ.

## ಹಂತ 4: ಕೆಲಸದ ಹಾಳೆ ಒಂದೇ ಇರಲಿ

ಎಲ್ಲರಿಗೂ ಒಂದೇ ಹಾಳೆ, ಆರು ಲೆಕ್ಕ. ತೊಡಕಿರುವವರಿಗೆ ನೆರವಿನ ಚೀಟಿ, ಬೇಗ ಮುಗಿಸಿದವರಿಗೆ ಬೋರ್ಡಿನ ಮೂಲೆಯ ಪ್ರಶ್ನೆ. ಇಷ್ಟೇ ತಯಾರಿ. ಮೂರು ಬಗೆಯ ಹಾಳೆ ಮಾಡಿದರೆ ನಿಮ್ಮ ಕೆಲಸ ಮೂರು ಪಟ್ಟಾಗುತ್ತದೆ; ಹಾಳೆ ಹಂಚುವಾಗಲೇ ಇಡೀ ತರಗತಿಗೆ ಯಾರು ಎಲ್ಲಿ ಎಂಬುದು ಬಯಲಾಗುತ್ತದೆ.

ನೆರವಿನ ಚೀಟಿ. ಬಿಡಿಸಿದ ಲೆಕ್ಕಗಳಿಂದ ಶುರುವಾಗಿ ನೆರವು ಸ್ವಲ್ಪ ಸ್ವಲ್ಪವೇ ಕರಗುವಂತೆ ಇರಬೇಕು.

ಮೊದಲನೆಯದು ಪೂರ್ತಿ ಬಿಡಿಸಿದ್ದು: 1/2 + 1/3 = 3/6 + 2/6 = 5/6.
ಎರಡನೆಯದರಲ್ಲಿ ಕೊನೆಯ ಹೆಜ್ಜೆ ಖಾಲಿ: 1/2 + 1/4 = 2/4 + 1/4 = __.
ಮೂರನೆಯದರಲ್ಲಿ ಎರಡು ಕಡೆ ಖಾಲಿ: 2/3 + 1/6 = __/6 + 1/6 = __.
ನಾಲ್ಕನೆಯದು ಬರೀ ಪ್ರಶ್ನೆ: 1/4 + 2/3.

ಕೊನೆಯ ಹೆಜ್ಜೆಯಿಂದ ಖಾಲಿ ಬಿಡುತ್ತಾ ಬರಬೇಕು, ಮೊದಲ ಹೆಜ್ಜೆಯಿಂದಲ್ಲ. ಛೇದವನ್ನು ಸಮ ಮಾಡುವ ಹೆಜ್ಜೆಯೇ ಕಷ್ಟದ್ದು, ಅದು ಕೊನೆಗೆ ಮಗುವಿನ ಕೈಗೆ ಬರಲಿ. ಪೂರ್ತಿ ಬಿಡಿಸಿದ ಲೆಕ್ಕದ ಪಕ್ಕ ಒಂದು ಪ್ರಶ್ನೆ ಇರಲೇಬೇಕು: “1/2 ಇಲ್ಲಿ 3/6 ಆಯಿತು, ಯಾಕೆ?” ಈ ಪ್ರಶ್ನೆ ಇಲ್ಲದಿದ್ದರೆ ಚೀಟಿ ನಕಲು ಮಾಡುವ ಸಾಧನವಾಗುತ್ತದೆ.

ಮೊದಲ ಗುಡ್ಡೆಯವರಿಗೆ ಚೀಟಿಯ ಜೊತೆಗೆ ಪಟ್ಟಿಗಳೂ ಬೇಕು. 6 ಸೆಂಟಿಮೀಟರ್ ತುಂಡು, 4 ಸೆಂಟಿಮೀಟರ್ ತುಂಡು ಎರಡನ್ನೂ ತುದಿಗೆ ತುದಿ ಸೇರಿಸಿ ಇಡುತ್ತಾರೆ: 10. ಅದರ ಕೆಳಗೆ 2 ಸೆಂಟಿಮೀಟರ್ ತುಂಡುಗಳನ್ನು ಜೋಡಿಸುತ್ತಾರೆ: ಐದು ಹಿಡಿಯುತ್ತವೆ. ಆರನೇ ಭಾಗಗಳು ಐದು. 5/6 ಅವರ ಕಣ್ಣೆದುರೇ ಹುಟ್ಟುತ್ತದೆ.

ಬೋರ್ಡಿನ ಮೂಲೆಯ ಪ್ರಶ್ನೆ. ಬೇಗ ಮುಗಿಸಿದವರಿಗೆ ಇನ್ನೂ ಹತ್ತು ಲೆಕ್ಕ ಕೊಡುವುದು ಬೇಗ ಮುಗಿಸಿದ್ದಕ್ಕೆ ಶಿಕ್ಷೆ ಕೊಟ್ಟಂತೆ. ಜಾಣ ಮಗು ಎರಡೇ ದಿನದಲ್ಲಿ ನಿಧಾನ ಮಾಡುವುದನ್ನು ಕಲಿಯುತ್ತದೆ. ಅದೇ ಪಾಠದಲ್ಲೇ ಆಳಕ್ಕೆ ಇಳಿಯುವ ಪ್ರಶ್ನೆ ಇಡಿ: “ಅಂಶ 1 ಇರುವ, ಛೇದ ಬೇರೆ ಬೇರೆ ಇರುವ ಎರಡು ಭಿನ್ನರಾಶಿಗಳನ್ನು ಕೂಡಿದಾಗ 1/2 ಬರಬೇಕು. ಯಾವುವು?” ಉತ್ತರ 1/3 ಮತ್ತು 1/6. ಮುಂದೆ 1/3ಕ್ಕೆ ಹುಡುಕಲಿ: 1/4 ಮತ್ತು 1/12. 1/4ಕ್ಕೆ 1/5 ಮತ್ತು 1/20 ಆಗುತ್ತದೆ, 1/6 ಮತ್ತು 1/12 ಕೂಡ ಆಗುತ್ತದೆ. ಎರಡು ಉತ್ತರ ಸಿಕ್ಕ ಕ್ಷಣ ಮಕ್ಕಳು ವಾದಕ್ಕೆ ಇಳಿಯುತ್ತಾರೆ, ಇಳಿಯಲಿ.

ಈ ಪ್ರಶ್ನೆ ಎಲ್ಲರಿಗೂ ಕಾಣುವಂತೆ ಬೋರ್ಡಿನಲ್ಲಿರಬೇಕು. ನೆರವಿನ ಚೀಟಿ ತೆಗೆದುಕೊಂಡ ಮಗುವಿಗೂ ಅದನ್ನು ಪ್ರಯತ್ನಿಸುವ ಹಕ್ಕಿದೆ. ಕೆಲವೊಮ್ಮೆ ಪಟ್ಟಿ ಹಿಡಿದ ಮಗುವೇ 4 ಮತ್ತು 2 ಸೆಂಟಿಮೀಟರ್ ತುಂಡು ಸೇರಿಸಿ 6 ಮಾಡಿ, ಎಲ್ಲರಿಗಿಂತ ಮೊದಲು ಉತ್ತರ ಹೇಳಿಬಿಡುತ್ತದೆ.

## ಹಂತ 5: ಗುಂಪು ಮಾಡಿ, ಅದಕ್ಕೆ ಹೆಸರಿಡಬೇಡಿ

ಗುಂಪು ಈ ಒಂದು ಪೀರಿಯಡ್‌ಗೆ ಮಾತ್ರ. ಇದನ್ನು ನಾನು ಕಲಿತದ್ದು ಒಂದು ಮಗುವನ್ನು ನೋಯಿಸಿ. ಆಗ ಬಣ್ಣದ ಹಾಳೆಗಳಲ್ಲಿ ಪ್ರಶ್ನೆ ಕೊಡುತ್ತಿದ್ದೆ. ಹಳದಿ ಹಾಳೆ ಸುಲಭದ್ದು. ಒಬ್ಬ ಹುಡುಗ ಪ್ರತಿ ಸಲ ಹಳದಿ ಹಾಳೆಯನ್ನು ನೋಟ್‌ಬುಕ್‌ನ ಕೆಳಗೆ ತಳ್ಳಿ, ಅಂಚನ್ನು ಮಾತ್ರ ಎತ್ತಿ ನೋಡಿ ಬರೆಯುತ್ತಿದ್ದ. ಅಕ್ಷರ ಕಾಣುತ್ತಿಲ್ಲವೇನೋ ಎಂದುಕೊಂಡಿದ್ದೆ. ಅವನು ಬಣ್ಣ ಮುಚ್ಚಿಡುತ್ತಿದ್ದಾನೆ ಎಂದು ತಿಳಿಯಲು ನನಗೆ ಮೂರು ವಾರ ಬೇಕಾಯಿತು. ಅವತ್ತಿನಿಂದ ಬಣ್ಣ, ಹೂವು, ಪ್ರಾಣಿಯ ಹೆಸರಿನ ಗುಂಪುಗಳನ್ನೆಲ್ಲ ಬಿಟ್ಟಿದ್ದೇನೆ. ಯಾವ ಹೆಸರಿಟ್ಟರೂ ಅದರ ಅರ್ಥ ಮಕ್ಕಳಿಗೆ ಎರಡನೇ ದಿನವೇ ತಿಳಿಯುತ್ತದೆ.

ಈಗ ಮಾಡುವುದು ಹೀಗೆ. ಬೋರ್ಡಿನಲ್ಲಿ ಇವತ್ತಿನ ಜಾಗ ಮತ್ತು ಹೆಸರು ಬರೆಯುತ್ತೇನೆ: “ಕಿಟಕಿ ಪಕ್ಕ: ಇವರು”, “ನನ್ನ ಮೇಜಿನ ಹತ್ತಿರ: ಇವರು.” ಜಾಗ ಪ್ರತಿ ಸಲ ಬದಲಾಗುತ್ತದೆ. ನನ್ನ ಮೇಜಿನ ಹತ್ತಿರ ಕೆಲವು ದಿನ ನಾಲ್ಕನೇ ಗುಡ್ಡೆಯವರನ್ನು ಬೇಕೆಂದೇ ಕೂರಿಸುತ್ತೇನೆ. ಟೀಚರ್ ಪಕ್ಕ ಕೂರುವುದು ಬಾರದವರ ಜಾಗ ಎಂಬ ಭಾವನೆ ಬೇರೂರಬಾರದು.

ಎಲ್ಲ ದಿನವೂ ತೊಡಕಿನ ಪ್ರಕಾರವೇ ಗುಂಪು ಬೇಕಿಲ್ಲ. ಚರ್ಚೆಗೆ, ಪ್ರಯೋಗಕ್ಕೆ, ಕತೆ ಕಟ್ಟುವುದಕ್ಕೆ ಎಲ್ಲ ಮಟ್ಟದವರೂ ಬೆರೆತ ಗುಂಪೇ ಒಳ್ಳೆಯದು. ಒಂದು ನಿರ್ದಿಷ್ಟ ತೊಡಕನ್ನು ಬಿಡಿಸುವ ದಿನ ಮಾತ್ರ ಅದೇ ತೊಡಕಿನವರನ್ನು ಒಟ್ಟಿಗೆ ಕೂರಿಸಿ.

## ಹಂತ 6: ಪೀರಿಯಡ್ ನಡೆಸುವುದು

40 ನಿಮಿಷದ ಪೀರಿಯಡ್ ಎಂದಿಟ್ಟುಕೊಳ್ಳಿ. ಮೊದಲ 10 ನಿಮಿಷ ಇಡೀ ತರಗತಿಗೆ ಪಾಠ. ಆಮೇಲೆ 20 ನಿಮಿಷ ಹಾಳೆಯ ಕೆಲಸ, 5 ನಿಮಿಷ ಎಲ್ಲರೂ ಮತ್ತೆ ಬೋರ್ಡಿನ ಕಡೆಗೆ, ಕೊನೆಯ 5 ನಿಮಿಷ ಚೀಟಿ. ಇಡೀ ತರಗತಿಯ ಪಾಠವನ್ನು ಬಿಟ್ಟುಬಿಡುವುದು ದೊಡ್ಡ ತಪ್ಪು. ಹಿಂದೆ ಇರುವ ಮಗುವೂ ಎಲ್ಲರ ಜೊತೆ ಅದೇ ವಿಷಯ ಕೇಳಬೇಕು, ಅದೇ ಪದಗಳನ್ನು ಕಿವಿಗೆ ಹಾಕಿಕೊಳ್ಳಬೇಕು.

ಆ 20 ನಿಮಿಷದ ಹಂಚಿಕೆ ಹೀಗಿರಲಿ. ಮೊದಲ 2 ನಿಮಿಷ ಎಲ್ಲ ಕಡೆ ಒಂದು ಸುತ್ತು: ಎಲ್ಲರೂ ಶುರುಮಾಡಿದ್ದಾರೆಯೇ? ಆಮೇಲೆ 8 ನಿಮಿಷ ಮೊದಲ ಗುಡ್ಡೆಯವರ ಜೊತೆ ಕುಳಿತುಕೊಳ್ಳಿ. ಮತ್ತೆ ಒಂದು ಸುತ್ತು. ಉಳಿದ ಸಮಯ ಎರಡನೇ ಗುಡ್ಡೆಗೆ. ಮೂರನೆಯ, ನಾಲ್ಕನೆಯ ಗುಡ್ಡೆಯವರ ಹತ್ತಿರವೂ ಒಮ್ಮೆ ನಿಂತು ಒಂದಾದರೂ ಪ್ರಶ್ನೆ ಕೇಳಿ. “ಅವರಿಗೆ ಬರುತ್ತೆ ಬಿಡಿ” ಎಂದು ಬಿಟ್ಟುಬಿಟ್ಟ ಮಕ್ಕಳು ವರ್ಷವಿಡೀ ಶಿಕ್ಷಕರ ಮಾತೇ ಕೇಳದೆ ಕಳೆಯುತ್ತಾರೆ.

ನೀವು ಒಂದು ಗುಂಪಿನ ಜೊತೆ ಇರುವಾಗ ಉಳಿದವರು ಏನು ಮಾಡಬೇಕು ಎಂಬುದನ್ನು ಪಾಠದ ದಿನ ಕಲಿಸಲು ಹೋಗಬೇಡಿ. ಹಿಂದಿನ ವಾರವೇ, ಸುಲಭದ ಕೆಲಸ ಕೊಟ್ಟು ಅಭ್ಯಾಸ ಮಾಡಿಸಿ. ಸಿಕ್ಕಿಹಾಕಿಕೊಂಡರೆ ಮೊದಲು ಬೋರ್ಡಿನ ಉದಾಹರಣೆ ನೋಡಬೇಕು, ಆಮೇಲೆ ನೆರವಿನ ಚೀಟಿ, ಆಮೇಲೆ ಪಕ್ಕದವರನ್ನು ಕೇಳುವುದು. ಆಗಲೂ ತಿಳಿಯದಿದ್ದರೆ ಲೆಕ್ಕದ ಪಕ್ಕ ಗುಂಡಗೆ ಗುರುತು ಹಾಕಿ ಮುಂದಿನದಕ್ಕೆ ಹೋಗುವುದು. ನಿಮ್ಮ ಸುತ್ತಿನಲ್ಲಿ ಆ ಗುರುತು ಕಾಣುತ್ತದೆ. ಈ ಅಭ್ಯಾಸವಿಲ್ಲದ ತರಗತಿಯಲ್ಲಿ ನಿಮ್ಮ ಮೇಜಿನ ಮುಂದೆ ಸಾಲು ನಿಲ್ಲುತ್ತದೆ, ಸದ್ದು ಏರುತ್ತದೆ, ನೀವು ಯಾರ ಜೊತೆಯೂ ಪೂರ್ತಿ ಇರುವುದಿಲ್ಲ.

ನೆರವಿನ ಚೀಟಿಗಳನ್ನು ಯಾರ ಕೈಗೂ ಕೊಡಬೇಡಿ. ಎಲ್ಲರಿಗೂ ಎಟುಕುವ ಕಡೆ ಒಂದು ಡಬ್ಬದಲ್ಲಿಡಿ. ಬೇಕಾದವರು ತೆಗೆದುಕೊಳ್ಳಲಿ. ಬೇಕಿದ್ದೂ ತೆಗೆದುಕೊಳ್ಳದ ಮಗುವಿಗೆ ಕಿವಿಯಲ್ಲಿ, “ಎರಡನೇ ಲೆಕ್ಕಕ್ಕೆ ಚೀಟಿ ನೋಡು, ನಾಲ್ಕನೆಯದನ್ನು ನೋಡದೆ ಮಾಡು” ಎಂದು ಹೇಳಿ.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡ್ ಅಥವಾ ಹೆಚ್ಚು ಮಾಡಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಕೊಡದೆ ಸುಮ್ಮನಿರುವುದು ಕಡಿಮೆಯಾಯಿತು, ಹಿಂದುಳಿದವರೆಂದು ಎಣಿಸಿದ್ದ ಮಕ್ಕಳೂ ಹೆಚ್ಚು ಮಾತಾಡಿದರು. ಮನಸ್ಸಿನಲ್ಲೇ ನಿಧಾನವಾಗಿ ಐದರ ತನಕ ಎಣಿಸಿ. ಮೊದಲ ಕೈ ಎದ್ದ ತಕ್ಷಣ ಹೆಸರು ಹೇಳುವುದನ್ನು ಬಿಟ್ಟರೆ ಸಾಕು, ತರಗತಿಯ ಅರ್ಧ ಭಾಗಕ್ಕೆ ಯೋಚಿಸಲು ಸಮಯ ಸಿಕ್ಕಂತೆ.

## ಹಂತ 7: ಅಡ್ಡಿ ಯಾವುದು, ಅಳೆಯುವುದು ಯಾವುದು ಎಂದು ಬೇರ್ಪಡಿಸಿ

ಕೆಲವು ಮಕ್ಕಳಿಗೆ ಪಾಠ ತೊಡಕಲ್ಲ. ಪಾಠದ ತನಕ ಬರುವ ದಾರಿಯಲ್ಲಿ ಬೇರೇನೋ ಅಡ್ಡ ನಿಂತಿರುತ್ತದೆ. ಇಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವತ್ತು ನಾನು ಅಳೆಯುತ್ತಿರುವುದು ಏನನ್ನು? ಲೆಕ್ಕವನ್ನು ಅಳೆಯುತ್ತಿದ್ದರೆ, ಓದಲು ತಡವರಿಸುವ ಮಗುವಿಗೆ ವಾಕ್ಯರೂಪದ ಲೆಕ್ಕವನ್ನು ಓದಿ ಹೇಳಬಹುದು, ಅದು ನ್ಯಾಯವೇ. ಓದುವ ಸಾಮರ್ಥ್ಯವನ್ನೇ ಅಳೆಯುವ ದಿನ ಓದಿ ಹೇಳಿದರೆ ಗುರಿಯೇ ಕೈತಪ್ಪಿತು. ಪಕ್ಕದ ಮಗು “ಅವನಿಗೆ ಮಾತ್ರ ಯಾಕೆ?” ಎಂದಾಗಲೂ ಈ ಉತ್ತರವನ್ನೇ ಧೈರ್ಯವಾಗಿ ಹೇಳಬಹುದು.

ಕಣ್ಣು. ಬೋರ್ಡ್ ನೋಡದೆ ಪಕ್ಕದವರ ನೋಟ್‌ಬುಕ್ ನೋಡಿ ಬರೆಯುವುದು, ಕಣ್ಣು ಕಿರಿದು ಮಾಡುವುದು, ಪದೇ ಪದೇ ತಲೆನೋವು ಎನ್ನುವುದು. ಮುಂದೆ ಕೂರಿಸಿ, ಬರೆದದ್ದನ್ನು ಬಾಯಲ್ಲೂ ಹೇಳಿ, ಕಣ್ಣಿನ ತಪಾಸಣೆ ಮಾಡಿಸಲು ಮನೆಯವರಿಗೆ ತಿಳಿಸಿ.

ಕಿವಿ. ಬೇರೆಯವರು ಪುಸ್ತಕ ತೆಗೆದ ಮೇಲೆ ತೆಗೆಯುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ಮತ್ತೆ ಮತ್ತೆ “ಏನು?” ಇದನ್ನು ಎಷ್ಟೋ ಸಲ ಗಮನವಿಲ್ಲ, ಸೊಕ್ಕು ಎಂದು ತಿಳಿದು ಬೈಯುತ್ತೇವೆ. ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ. ಹಿಂದಿನ ಬೆಂಚಿನಿಂದ ಬಂದ ಉತ್ತರವನ್ನು ನೀವು ಇನ್ನೊಮ್ಮೆ ಹೇಳಿ. ಇಲ್ಲೂ ತಪಾಸಣೆ ಬೇಕು.

ಓದು. ಓದಿ ಹೇಳಿದರೆ ಥಟ್ಟನೆ ಉತ್ತರಿಸುವ, ತಾನೇ ಓದಿದರೆ ಒದ್ದಾಡುವ ಮಗುವನ್ನು ಗುರುತಿಸಿಕೊಳ್ಳಿ. ಸಾಲುಗಳ ನಡುವೆ ಜಾಗ ಬಿಟ್ಟು ದೊಡ್ಡಕ್ಷರದಲ್ಲಿ ಕೊಡಿ, ಬಾಯಿಮಾತಿನ ಉತ್ತರ ಒಪ್ಪಿಕೊಳ್ಳಿ. ತಿಂಗಳುಗಟ್ಟಲೆ ಕಲಿಸಿದರೂ ಹಾಗೇ ಇದ್ದರೆ ತಜ್ಞರಿಗೆ ತೋರಿಸಲು ಹೇಳಬೇಕು. ಸಮಸ್ಯೆಗೆ ವೈದ್ಯಕೀಯ ಹೆಸರು ಕೊಡುವುದು ನಮ್ಮ ಕೆಲಸವಲ್ಲ. ಕಂಡದ್ದನ್ನು ದಿನಾಂಕದ ಸಮೇತ ಬರೆದಿಡಿ, ತಜ್ಞರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಗಮನ. ಆರು ಲೆಕ್ಕದ ಹಾಳೆಯನ್ನು ಎರಡಾಗಿ ಮಡಚಿ ಕೊಡಿ. ಮೂರು ಮುಗಿಸಿ ತೋರಿಸಿದ ಮೇಲೆ ಉಳಿದ ಮೂರು.

ಮನೆಯಲ್ಲಿ ಬೇರೆ ಭಾಷೆ. ಪಾಠದ ನಾಲ್ಕೈದು ಮುಖ್ಯ ಪದಗಳನ್ನು ಚಿತ್ರದ ಜೊತೆ ಬೋರ್ಡಿನಲ್ಲಿಡಿ. ವಿವರಿಸಲು ವಾಕ್ಯದ ಮೊದಲರ್ಧ ಕೊಡಿ: “ಮೊದಲು ನಾನು … ಮಾಡಿದೆ, ಯಾಕೆಂದರೆ …”. ಅದೇ ಭಾಷೆಯ ಗೆಳೆಯ ಇದ್ದರೆ ಮೊದಲು ತಮ್ಮ ಭಾಷೆಯಲ್ಲೇ ಮಾತಾಡಿಕೊಳ್ಳಲಿ. ಭಾಷೆ ಬಾರದ್ದನ್ನು ಬುದ್ಧಿ ಕಡಿಮೆ ಎಂದು ಓದಿಕೊಳ್ಳುವುದು ಈ ವೃತ್ತಿಯಲ್ಲಿ ನಾವು ಮಾಡುವ ಅತಿ ದೊಡ್ಡ ಅನ್ಯಾಯ.

## ಹಂತ 8: ಹೊರಡುವ ಮುಂಚಿನ ಚೀಟಿ, ಆಮೇಲೆ ಗುಂಪು ಮುರಿಯುವುದು

ಕೊನೆಯ 5 ನಿಮಿಷ ಎಲ್ಲರಿಗೂ ಒಂದೇ ಪ್ರಶ್ನೆ, ನೆರವಿನ ಚೀಟಿ ಇಲ್ಲದೆ: 1/3 + 1/4. ಜೊತೆಗೆ “ನಿನ್ನ ಉತ್ತರ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?” ಸರಿಯುತ್ತರ 7/12, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಎರಡನೇ ಪ್ರಶ್ನೆಯಿಂದ ಕ್ರಮ ಬಾಯಿಪಾಠ ಮಾಡಿದವರು, ಅರ್ಥ ಹಿಡಿದವರು ಬೇರೆ ಬೇರೆಯಾಗಿ ಕಾಣುತ್ತಾರೆ.

ಮತ್ತೆ ವಿಂಗಡಿಸಿ. ನಿನ್ನೆಯ ಗುಡ್ಡೆಗಳು ಇವತ್ತು ಬದಲಾಗಿರಬೇಕು. ಮೊದಲ ಗುಡ್ಡೆಯಿಂದ ಇಬ್ಬರು ಎದ್ದಿರುತ್ತಾರೆ, ನಾಲ್ಕನೆಯದರಲ್ಲಿದ್ದ ಒಬ್ಬಳು ಎಡವಿರುತ್ತಾಳೆ. ಆ ಪ್ರಕಾರ ಮುಂದಿನ ಪೀರಿಯಡ್‌ನ ಜಾಗಗಳನ್ನು ಬರೆಯಿರಿ.

ನೆರವನ್ನು ತೆಗೆಯುವುದೂ ಕೊಡುವಷ್ಟೇ ಮುಖ್ಯ. ಮನಶ್ಶಾಸ್ತ್ರಜ್ಞರಾದ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ 1976ರಲ್ಲಿ ಇಂಥ ನೆರವಿಗೆ ಕಟ್ಟಡದ ಸಾರುವೆಯ ಹೋಲಿಕೆ ಕೊಟ್ಟರು. ಗೋಡೆ ನಿಂತ ಮೇಲೂ ಸಾರುವೆ ಬಿಚ್ಚದಿದ್ದರೆ ಆ ಮನೆಯಲ್ಲಿ ಯಾರೂ ವಾಸ ಮಾಡಲಾಗದು. ಎರಡು ಚೀಟಿ ಸತತವಾಗಿ ಸರಿಬಂದ ಮಗುವಿನಿಂದ ಮೊದಲು ಪಟ್ಟಿಗಳನ್ನು ತೆಗೆಯಿರಿ, ಆಮೇಲೆ ಬಿಡಿಸಿದ ಉದಾಹರಣೆಯನ್ನು. ಎರಡನ್ನೂ ಒಟ್ಟಿಗೆ ಕಿತ್ತುಕೊಳ್ಳಬೇಡಿ.

ಅಂಕಗಳ ಪ್ರಶ್ನೆ ಇಲ್ಲೇ ಬರುತ್ತದೆ. ದಿನದ ಚೀಟಿಗಳಿಗೆ ಅಂಕ ಬೇಡ. ಘಟಕದ ಕೊನೆಯ ಪರೀಕ್ಷೆಯನ್ನು ಎಲ್ಲರಿಗೂ ಅದೇ ಗುರಿಯಲ್ಲಿ ಅಳೆಯಿರಿ. ಓದಿ ಹೇಳುವುದು, ಹೆಚ್ಚು ಸಮಯ, ದೊಡ್ಡಕ್ಷರ, ಬೇಕಾದವರಿಗೆ ಇವು ಅಲ್ಲೂ ಸಿಗಲಿ. ವರ್ಷವಿಡೀ ಸುಲಭದ ಹಾಳೆಗೆ ಹತ್ತಕ್ಕೆ ಹತ್ತು ಕೊಟ್ಟು ಮನೆಯವರನ್ನು ನಂಬಿಸುವುದು ಆ ಮಗುವಿಗೆ ಒಳ್ಳೆಯದು ಮಾಡಿದಂತಲ್ಲ.

## ದಾರಿ ತಪ್ಪುತ್ತಿದೆ ಎನ್ನುವ ಲಕ್ಷಣಗಳು

ಒಂದೇ ಮಗು ನಾಲ್ಕು ವಾರದಿಂದ ಅದೇ ಗುಡ್ಡೆಯಲ್ಲಿದ್ದರೆ, ಕೊಡುತ್ತಿರುವ ನೆರವು ಆ ತೊಡಕಿನದ್ದಲ್ಲ. ಇನ್ನೂ ಹಿಂದಕ್ಕೆ ಹೋಗಿ ನೋಡಿ, ಬಹುಶಃ ಗುಣಾಕಾರದ ಮಗ್ಗಿಯೇ ಬರುವುದಿಲ್ಲ.

ಬೇಗ ಮುಗಿಸುವವರು ಪ್ರತಿದಿನ ಬೇರೆಯವರಿಗೆ ಹೇಳಿಕೊಡುವ ಕೆಲಸದಲ್ಲೇ ಇದ್ದರೆ, ಅವರ ಕಲಿಕೆ ನಿಂತಿದೆ. ವಾರಕ್ಕೊಮ್ಮೆ ಹೇಳಿಕೊಡಲಿ, ಸಾಕು.

ನೆರವಿನ ಗುಂಪು ತುಂಬ ಸದ್ದಿಲ್ಲದೆ, ಅಂದವಾಗಿ ಬರೆಯುತ್ತಿದ್ದರೆ ಹತ್ತಿರ ಹೋಗಿ. ಹೆಚ್ಚಿನ ಸಲ ಅವರು ನಕಲು ಮಾಡುತ್ತಿರುತ್ತಾರೆ.

ತಯಾರಿಗೆ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುತ್ತಿದ್ದರೆ ನೀವು ಮತ್ತೆ ಮೂರು ಹಾಳೆ ಮಾಡಲು ಶುರುಮಾಡಿದ್ದೀರಿ. ಹಂತ 4ಕ್ಕೆ ಮರಳಿ.

ಮಕ್ಕಳನ್ನು “ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು” ಎಂದು ವಿಂಗಡಿಸುತ್ತಿದ್ದರೆ ಅದನ್ನು ಕೈಬಿಡಿ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ಇದ್ದ ಅಧ್ಯಯನಗಳನ್ನು ಪರಿಶೀಲಿಸಿ, ಹಾಗೆ ವಿಂಗಡಿಸಿ ಕಲಿಸುವುದನ್ನು ಸಮರ್ಥಿಸುವಷ್ಟು ಪುರಾವೆ ಇಲ್ಲ ಎಂದು ತೋರಿಸಿದರು. ಪಟ್ಟಿ, ಚಿತ್ರ, ಮಾತು ಮೂರೂ ಎಲ್ಲ ಮಕ್ಕಳಿಗೂ ಬೇಕು.

## ಮಧ್ಯದಲ್ಲೇ ಪಾಠ ಕೈಮೀರಿದರೆ

ಆಗುತ್ತದೆ. ಅರ್ಧ ತರಗತಿ ಕೈ ಎತ್ತಿರುತ್ತದೆ, ಎರಡು ಗುಂಪು ಜಗಳಕ್ಕೆ ಬಿದ್ದಿರುತ್ತದೆ. ಧ್ವನಿ ಏರಿಸಿ ಮುಂದುವರಿಸಬೇಡಿ. ಎಲ್ಲರೂ ಪೆನ್ಸಿಲ್ ಕೆಳಗಿಟ್ಟು ಬೋರ್ಡ್ ನೋಡಲಿ. ಹೆಚ್ಚು ಜನ ಸಿಕ್ಕಿಹಾಕಿಕೊಂಡ ಒಂದೇ ಲೆಕ್ಕವನ್ನು ಎತ್ತಿಕೊಂಡು, ಪಟ್ಟಿ ಹಿಡಿದು, ಎಲ್ಲರ ಜೊತೆ ನಿಧಾನವಾಗಿ ಬಿಡಿಸಿ. ಉಳಿದ ಹಾಳೆ ಹಾಗೇ ಇರಲಿ, ಮನೆಗೆಲಸಕ್ಕೂ ಕೊಡಬೇಡಿ. ಹೊರಡುವ ಮುಂಚಿನ ಚೀಟಿಯನ್ನು ಮಾತ್ರ ಬಿಡದೆ ಬರೆಸಿಕೊಳ್ಳಿ. ಆ ಸಂಜೆ ಅವನ್ನು ಹರಡಿಕೊಂಡು ಕುಳಿತಾಗ, ಪಾಠ ಯಾವ ಮೆಟ್ಟಿಲಲ್ಲಿ ಜಾರಿತು ಎಂಬುದು ಅದರಲ್ಲೇ ಕಾಣುತ್ತದೆ. ನಾಳೆಯ ಮೊದಲ 10 ನಿಮಿಷ ಆ ಮೆಟ್ಟಿಲಿಂದ ಶುರುಮಾಡಿ.